ರೆಕಾರ್ಡಿನಲ್ಲಿದ್ದ ಒಂಬತ್ತು

ನಾನು ಗಣಿತದ ಮೇಡಂ. ಬನಶಂಕರಿಯ ನಮ್ಮ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದವರು ಕೆಲಸ ಬಿಟ್ಟಾಗ, ‘ಲೆಕ್ಕ ಬರೋರಿಗೆ ಇದೇನ್ ಮಹಾ’ ಎಂದು ಹೆಡ್ಮಾಸ್ಟರು ಆ ಪೀರಿಯಡ್ಡುಗಳನ್ನೂ ನನ್ನ ತಲೆಗೇ ಕಟ್ಟಿದರು. ಮೂರು ದಿನದ ತರಬೇತಿಗೆ ಕಳಿಸಿದರು. ಅದರಲ್ಲಿ ಎರಡು ದಿನ ಕರೆಂಟೇ ಇರಲಿಲ್ಲ.

ಮಕ್ಕಳು ಮುಟ್ಟಿದರೆ ಕಂಪ್ಯೂಟರುಗಳು ಕೆಡುತ್ತವೆಂದು ಲ್ಯಾಬಿಗೆ ಸದಾ ಬೀಗ. ಆಯುಧಪೂಜೆಗೆ ಕುಂಕುಮ ಹಚ್ಚಲು ತೆರೆದರೆ ಮುಗಿಯಿತು. ಹಾಗಾಗಿ ನಮ್ಮಲ್ಲಿ ಪ್ರೋಗ್ರಾಂ ಕಲಿಯುವುದೆಂದರೆ ರೆಕಾರ್ಡ್ ಪುಸ್ತಕ ಬರೆಯುವುದು. ಹಿಂದಿನ ವರ್ಷದ ರೆಕಾರ್ಡನ್ನು ನಾನು ಬೋರ್ಡಿಗೆ ಇಳಿಸುತ್ತಿದ್ದೆ. ಮಕ್ಕಳು ಎಡಪುಟದಲ್ಲಿ ಪೆನ್ಸಿಲ್ಲಿನಿಂದ ಚೌಕ ಎಳೆದು, ಅದರೊಳಗೆ ಉತ್ತರ ಬರೆದು, ಅದನ್ನೇ ಔಟ್‌ಪುಟ್ ಎನ್ನುತ್ತಿದ್ದರು. ಚೌಕ ಸೊಟ್ಟಗಿದ್ದರೆ ಅರ್ಧ ಅಂಕ ಕಳೆಯುತ್ತಿದ್ದೆ. ಶಿಸ್ತಿನಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ!

ಹತ್ತನೇ ತರಗತಿಯಲ್ಲಿ ಗೊಟ್ಟಿಗೆರೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ. ಪಿಯುಸಿಗೆ ಕಂಪ್ಯೂಟರ್ ಸೈನ್ಸೇ ಎಂದು ಎಂಟನೇ ತರಗತಿಯಿಂದ ಹೇಳುತ್ತಿದ್ದವಳು. ಒಂಬತ್ತು, ಐದು, ಎರಡು, ಈ ಮೂರರಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಂ ಬರೆಸಿದ ಮರುದಿನ ಸ್ಟಾಫ್ ರೂಮಿಗೆ ಬಂದಳು. ಎಲ್ಲರ ಚೌಕದಲ್ಲೂ ಒಂಬತ್ತು, ಇವಳದರಲ್ಲಿ ಎರಡು.

“ಮೇಡಂ, ಒಂದೊಂದೇ ಲೈನ್ ಕೈಯಲ್ಲೇ ಮಾಡಿ ನೋಡ್ದೆ. ಇದು ದೊಡ್ಡದನ್ನ ಕೊಡಲ್ಲ, ಚಿಕ್ಕದನ್ನ ಕೊಡುತ್ತೆ.”

ನನಗೆ ಸಿಟ್ಟು ಬಂತು. ಗೊತ್ತಿಲ್ಲದವರಿಗೆ ಬರುವ ಸಿಟ್ಟು.

“ಎಲ್ರಿಗೂ ಒಂಬತ್ತು ಬಂದಿದೆ, ನಿಂಗೊಬ್ಳಿಗೆ ಎರಡು ಹೆಂಗ್ ಬರುತ್ತೆ? ರೆಕಾರ್ಡಲ್ಲಿರೋ ಹಾಗೆ ಬರಿ” ಎಂದು ಅವಳ ಪುಟದ ಮೇಲೆ ಕೆಂಪು ಗೀಟು ಎಳೆದೆ.

ಮನಸ್ಸು ತಡೆಯಲಿಲ್ಲ. ಮಧ್ಯಾಹ್ನ ಲ್ಯಾಬ್ ತೆಗೆಸಿ, ಒಂದು ಕಂಪ್ಯೂಟರಿನ ಧೂಳು ಒರೆಸಿ, ಅಕ್ಷರ ಹುಡುಕಿ ಹುಡುಕಿ ಅದೇ ಪ್ರೋಗ್ರಾಂ ಟೈಪ್ ಮಾಡಿದೆ. ಎರಡು ಬಂತು. ದೊಡ್ಡದೆಂಬ ಚಿಹ್ನೆ ಇರಬೇಕಾದ ಕಡೆಯೆಲ್ಲ ಚಿಕ್ಕದೆಂಬ ಚಿಹ್ನೆ ಕೂತಿತ್ತು. ಎಷ್ಟು ವರ್ಷದಿಂದಲೋ. ಒಂದು ರೆಕಾರ್ಡಿನಿಂದ ಇನ್ನೊಂದಕ್ಕೆ ಇಳಿಯುತ್ತ ಬಂದಿತ್ತು, ಪ್ರತಿಯೊಂದಕ್ಕೂ ಸಹಿ ಬಿದ್ದಿತ್ತು.

ಹೆಡ್ಮಾಸ್ಟರಿಗೆ ಹೇಳಿದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ವಾರವಿತ್ತು. ತಿದ್ದುವುದಾದರೆ ಇಡೀ ಕ್ಲಾಸು ಮತ್ತೆ ಬರೆಯಬೇಕು. “ಹೊರಗಡೆಯಿಂದ ಬರೋರು ಪುಟ ಎಣಿಸ್ತಾರೆ ಮೇಡಂ, ಓದ್ತಾರಾ? ಸುಮ್ನಿರಿ” ಎಂದರು. ಸುಮ್ಮನಿದ್ದೆ. ಆ ಹುಡುಗಿಯನ್ನು ಪಕ್ಕಕ್ಕೆ ಕರೆದು ಒಂದು ಮಾತು ಹೇಳಬಹುದಿತ್ತು, ಅದನ್ನೂ ಹೇಳಲಿಲ್ಲ. ಮಗುವಿನ ಮುಂದೆ ಸಣ್ಣವಳಾಗಲು ಹೆದರಿದೆ. ಬಂದವರು ಪುಟ ಎಣಿಸಿ, ಟೀ ಕುಡಿದು ಹೋದರು. ಅವಳೂ ಒಂಬತ್ತು ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ.

ಫಲಿತಾಂಶ ಬಂದ ಮೇಲೆ ತಾಯಿಯ ಜೊತೆ ಟಿ.ಸಿ. ತೆಗೆದುಕೊಳ್ಳಲು ಬಂದಳು.

“ಕಂಪ್ಯೂಟರ್ ಸೈನ್ಸ್ ತಾನೇ?” ಎಂದೆ.

“ಇಲ್ಲ ಮೇಡಂ, ಕಾಮರ್ಸ್. ಕಂಪ್ಯೂಟರ್ ನನ್ ತಲೆಗೆ ಹತ್ತಲ್ಲ. ಅವತ್ತೇ ನೋಡಿದ್ರಲ್ಲ, ಎಲ್ರಿಗೂ ಬಂದಿದ್ದು ನಂಗೊಬ್ಳಿಗೆ ಬರ್ಲಿಲ್ಲ.”

ನಗುತ್ತಲೇ ಹೇಳಿದಳು. ನಿಜ ಹೇಳಲು ಅದೇ ಕೊನೆಯ ಗಳಿಗೆ ಎಂದು ನನಗೆ ಗೊತ್ತಿತ್ತು.

“ಕಾಮರ್ಸೂ ಒಳ್ಳೇದೇ ಕಣಮ್ಮ” ಎಂದೆ.