ಅಕ್ಕನ ಅಳತೆ ಮೂಲೆ

ನಮ್ಮಕ್ಕ ಹೆಂಗಸರ ಬಟ್ಟೆ ಹೊಲಿಯುವವಳು. ಅವಳ ಅಂಗಡಿಯಲ್ಲಿ ಗುಂಡಿ, ಕೊಕ್ಕೆ ಹಾಕುವುದು ನನ್ನ ಕೆಲಸ. ಎಲ್ಲದಕ್ಕೂ ಬಾಯಿ ಹಾಕುವುದು ನನ್ನ ಚಟ. ಅಕ್ಕನಿಗೆ ಆ ಚಟವಿಲ್ಲ. ಬೀರುವಿನ ಮರೆಯ ಅಳತೆ ಮೂಲೆಯಲ್ಲಿ ನಿಂತ ಹೆಂಗಸರು ಗಂಡ, ಅತ್ತೆ, ಸರ್ಕಾರ ಎಲ್ಲರಿಗೂ ಹಿಡಿಶಾಪ ಹಾಕುವರು. ಅಕ್ಕ ಗುಂಡುಸೂಜಿ ಕಚ್ಚಿಕೊಂಡು "ಹ್ಞೂಂ" ಎನ್ನುವಳು. ಯಾರ ಸೊಂಟ ಹಿಗ್ಗಿತು, ಯಾರಿಗೆ ತಿಂಗಳು ನಿಂತಿತು, ಎಲ್ಲ ಅವಳ ಹೊಟ್ಟೆಯೊಳಗೇ. ನನಗೂ ಹೇಳುತ್ತಿರಲಿಲ್ಲ, ಮಹರಾಯ್ತಿ.

ಆಮೇಲೆ ಆಜ್ಞೆ ಬಂತು. ಬೀದಿಯ ಪ್ರತಿ ಅಂಗಡಿಯೊಳಗೂ ಕ್ಯಾಮೆರಾ ಇರಬೇಕು, ಚಿತ್ರ ನೇರವಾಗಿ ಪೊಲೀಸ್ ಠಾಣೆಗೆ ಹೋಗಬೇಕು, ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಹಾಕಲು ಬಂದವನು ಅಂಗಡಿಯೆಲ್ಲ ಕಾಣುವ ಹಾಗೆ ಅದನ್ನು ಸೂರಿಗೆ ಕೂರಿಸಿ ಹೋದ. ಅಂಗಡಿಯೆಲ್ಲ ಅಂದರೆ ಅಳತೆ ಮೂಲೆಯೂ ಸೇರಿ. ಹೆಂಗಸರು ಬಂದು, ತಲೆ ಎತ್ತಿ ನೋಡಿ, "ಇನ್ನೊಂದಿನ ಬರ್ತೀನಿ" ಎಂದು ಹೋದರು. ಆ ಇನ್ನೊಂದು ದಿನ ಬರಲೇ ಇಲ್ಲ.

ಅಕ್ಕ ಠಾಣೆಗೆ ಹೊರಟಳು. ನಾನೂ ಬೆನ್ನಿಗೆ ಬಿದ್ದೆ.

"ಅದನ್ನ ಬಾಗಿಲ ಕಡೆ ತಿರುಗಿಸ್ಕೊಡಿ ಸಾರ್, ಅಷ್ಟೇ ಸಾಕು," ಎಂದಳು ಅಕ್ಕ.

ಇನ್ಸ್‌ಪೆಕ್ಟರ್ ನಕ್ಕರು. "ನಿಮ್ಮ ಕ್ಷೇಮಕ್ಕೇ ಅಲ್ವೇನಮ್ಮ? ಅದನ್ನ ಯಾರು ಕೂತ್ಕೊಂಡು ನೋಡ್ತಾರೆ? ಕಳ್ಳತನ ಗಿಳ್ಳತನ ಆದ್ರೆ ತೆಗೆದು ನೋಡೋದು, ಅಷ್ಟೇ."

ಅಕ್ಕ ನಂಬಿದಳು. ನಂಬಿದ್ದರಿಂದಲೇ ಮರುದಿನ ಧೈರ್ಯವಾಗಿ ಆ ಮೂಲೆಗೊಂದು ಪರದೆ ಕಟ್ಟಿದಳು. ಕೊನೆಯ ಗಂಟು ಬಿಗಿಯುವಷ್ಟರಲ್ಲಿ ಫೋನು ಹೊಡೆದುಕೊಂಡಿತು.

"ಠಾಣೆಯಿಂದ. ಆ ಬಟ್ಟೆ ತೆಗೀರಿ."

ಅಕ್ಕ ಸ್ಟೂಲಿನ ಮೇಲೆ ನಿಂತೇ ಕೇಳಿದಳು. "ಯಾರೂ ನೋಡಲ್ಲ ಅಂದಿದ್ರಲ್ಲಾ ಸಾರ್?"

ಆ ಕಡೆಯ ದನಿ ಗಡುಸಾಯಿತು. "ತೆಗೀರಿ ಅಂದ್ರೆ ತೆಗೀರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕತ್ತರಿ ಎತ್ತಿಕೊಂಡು ಕ್ಯಾಮೆರಾದ ವೈರಿಗೇ ಕೈ ಹಾಕಿದೆ.

"ಸುಮ್ನಿರೇ, ಹಿಡಿದು ಒಳಗೆ ಹಾಕ್ತಾರೆ," ಎಂದು ಅಕ್ಕ ಕತ್ತರಿ ಕಸಿದುಕೊಂಡಳು. "ಹೋಗಿ ಒಂದು ಗಾಡಿ ಕರ್ಕೊಂಡು ಬಾ."

ಸಂಜೆಗೆ ಮೆಷಿನ್ನು ಮನೆಗೆ ಬಂತು. ಬೋರ್ಡು ಇಳಿಯಿತು, ಲೈಸೆನ್ಸೂ ಹೋಯಿತು. "ಹೋದ್ರೆ ಹೋಗ್ಲಿ, ಹೆಂಗಸರು ಬಂದ್ರೆ ಸಾಕು" ಎಂದಳು ಅಕ್ಕ, ಮೆಷಿನ್ನಿಗೆ ಎಣ್ಣೆ ಬಿಡುತ್ತಾ.

ಮೊದಲು ಬಂದವಳು ಪಕ್ಕದ ಬೀದಿಯ ನರ್ಸಮ್ಮ. ಅಳತೆಗೆ ನಿಂತರೆ ಮಾತಿನ ಭರದಲ್ಲಿ ಅಲ್ಲಾಡಿ ಅಲ್ಲಾಡಿ ಟೇಪು ಜಾರಿಸುತ್ತಿದ್ದವಳು. ಅವತ್ತು ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಸೂರಿನ ನಾಲ್ಕು ಮೂಲೆಗಳನ್ನೂ ನೋಡಿದಳು.

"ಇಲ್ಲಿ ಏನೂ ಇಲ್ಲ ಕಣೇ," ಎಂದಳು ಅಕ್ಕ.

"ಗೊತ್ತಕ್ಕ."

ಅಕ್ಕ ಟೇಪು ಬಿಚ್ಚಿಕೊಂಡು ಎದ್ದಳು. ನರ್ಸಮ್ಮ ತೋಳುಗಳನ್ನು ಮೈಗೆ ಒತ್ತಿಕೊಂಡಳು. ಚೀಲದಿಂದ ತನ್ನದೊಂದು ಹಳೆಯ ರವಿಕೆ ತೆಗೆದು ಅಕ್ಕನ ಕೈಗಿಟ್ಟಳು.

"ಇದರ ಅಳತೆಗೇ ಹೊಲಿದುಬಿಡಕ್ಕ. ಬೇಜಾರು ಮಾಡ್ಕೋಬೇಡ," ಎಂದು ನಿಲ್ಲದೆ ಹೊರಟುಹೋದಳು.

ಅಂಗಡಿ ಮುಚ್ಚಿದ ದಿನವೂ ಕಣ್ಣೀರು ಹಾಕದ ನಮ್ಮಕ್ಕ, ಆ ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಅವತ್ತು ಅತ್ತಳು.