ಮಾರೆಪ್ಪ ಸಾಕಿದ ಸಾಕ್ಷಿ

ಹಾನಗಲ್ ತಾಲ್ಲೂಕಿನ ಒಂದು ಸಣ್ಣ ಠಾಣೆಯ ಕ್ರೈಂ ಹವಾಲ್ದಾರ ಮಾರೆಪ್ಪನಿಗೆ ಹೆಣದ ಭಯವಿರಲಿಲ್ಲ, ಕಳ್ಳರ ಭಯವಿರಲಿಲ್ಲ. ದನ ಕಂಡರೆ ಮಾತ್ರ ಕೈಕಾಲು ತಣ್ಣಗಾಗುತ್ತಿದ್ದವು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವನು ಪೊಲೀಸನಾದದ್ದೇ ಕೊಟ್ಟಿಗೆಯ ಕೆಲಸ ತಪ್ಪಿಸಿಕೊಳ್ಳಲಿಕ್ಕೆ. ಅಂಥವನ ಕೊರಳಿಗೇ ಒಂದು ಹೋರಿ ಗಂಟುಬಿತ್ತು.

ಆಡೂರಿನ ಉಡಚವ್ವನ ಕೊಬ್ಬರಿ ಹೋರಿ ಅದು. ಹೆಸರು ಸಿಡಿಲು. ಓಡುವ ಹೋರಿಯ ಕೊಬ್ಬರಿ ಕಿತ್ತವನೇ ಗೆದ್ದ ಎನ್ನುವ ಹೋರಿ ಬೆದರಿಸುವ ಅಖಾಡದಲ್ಲಿ ಅದರ ಕೊರಳಿನ ಕೊಬ್ಬರಿ ಸರಕ್ಕೆ ಯಾವ ಗಂಡಸಿನ ಕೈಯೂ ತಾಗಿರಲಿಲ್ಲ. ಗಂಡ ತೀರಿಹೋದ ಮೇಲೆ ಉಡಚವ್ವನಿಗೆ ಉಳಿದಿದ್ದ ಹೆಮ್ಮೆ ಅದೊಂದೇ. ಒಂದು ರಾತ್ರಿ ಕೊಟ್ಟಿಗೆಯಿಂದ ಕಳವಾದ ಆ ಹೋರಿ ಹಿರೇಕೆರೂರು ಕಡೆಯ ದನದ ವ್ಯಾಪಾರಿ ಕರಿಬಸಪ್ಪನ ಹಿತ್ತಲಲ್ಲಿ ಸಿಕ್ಕಿತು. ಅವನು ನನ್ನದು ಎಂದ, ಇವಳು ನನ್ನದು ಎಂದಳು. ತೀರ್ಮಾನವಾಗುವವರೆಗೆ ಹೋರಿಯನ್ನು ಠಾಣೆಯ ಬೇವಿನ ಮರಕ್ಕೆ ಕಟ್ಟಿದರು.

"ಯವ್ವಾ, ನಿನ್ನ ಬಿಟ್ರ ಅದು ಯಾರಿಗೂ ಮುಟ್ಟಗೊಡಂಗಿಲ್ಲ ಹೌದಿಲ್ಲೋ? ಅದ ನಮ್ಮ ಸಾಕ್ಷಿ. ಜಡ್ಜ್ ಸಾಹೇಬ್ರ ಮುಂದ ಇಬ್ಬರೂ ಮುಟ್ರಿ," ಎಂದು ಉಪಾಯ ಹೇಳಿದವನು ಮಾರೆಪ್ಪನೇ. ನ್ಯಾಯಾಲಯ ಒಪ್ಪಿತು. ಅಲ್ಲಿಯವರೆಗೆ ಇಬ್ಬರೂ ಹೋರಿಯ ಹತ್ತಿರ ಸುಳಿಯುವಂತಿರಲಿಲ್ಲ.

ತಾರೀಖು ಮುಂದಕ್ಕೆ ಹೋಗುತ್ತಲೇ ಇತ್ತು, ಮೇವು ಹಾಕುವ ಕೆಲಸ ಮಾರೆಪ್ಪನ ಪಾಲಿಗೆ ಬಂತು. ಮೊದಮೊದಲು ಕೋಲಿನ ತುದಿಯಿಂದ ಮೇವು ತಳ್ಳುತ್ತಿದ್ದ. ಹೋರಿ ಕೊಂಬು ಝಾಡಿಸಿದರೆ ಜೀಪಿನ ಹಿಂದೆ ಅಡಗುತ್ತಿದ್ದ. ಜೀವ ಉಳಿದರೆ ಸಾಕೆಂದು ಒಂದು ದಿನ ಬೆಲ್ಲದ ತುಂಡು ಎಸೆದ. ಅದು ರೂಢಿಯಾಯಿತು. ಕೊನೆಗೆ ಅಂಗೈಯಿಂದಲೇ ತಿನ್ನಿಸತೊಡಗಿದ. ದೂರು ಕೊಡಲು ಬಂದವರು ಬಾಳೆಹಣ್ಣು ಕೊಟ್ಟರು. ಲಾಕಪ್ಪಿನಲ್ಲಿದ್ದ ಹುಂಡಿ ಕಳ್ಳನೂ ಕಂಬಿಯ ಸಂದಿಯಿಂದ ತನ್ನ ರೊಟ್ಟಿಯ ಚೂರು ಎಸೆದ.

ಒಂದು ಬೆಳಿಗ್ಗೆ ಕೆರೆಯಲ್ಲಿ ತೇಲಿದ ಗುರುತಿಲ್ಲದ ಹೆಣದ ಪಕ್ಕ ನಿಂತಿದ್ದಾಗ ಮಾರೆಪ್ಪನಿಗೆ ಠಾಣೆಯಿಂದ ಫೋನ್ ಬಂತು. ಅಂಗನವಾಡಿ ಮಕ್ಕಳು ಸಿಡಿಲಿನ ಕೊಂಬಿಗೆ ರಿಬ್ಬನ್ ಕಟ್ಟುತ್ತಿದ್ದರಂತೆ. ಹೆಣ ಕಂಡು ಬೆವರದವನು ಅಲ್ಲಿಯೇ ಬೆವತುಹೋದ. ಈಗ ಅದು ಎಲ್ಲರಿಗೂ ಮುಟ್ಟಗೊಡುತ್ತದೆ ಎಂದರೆ ಕರಿಬಸಪ್ಪನಿಗೂ ಮುಟ್ಟಗೊಡುತ್ತದೆ.

ಹೆಣದ ವಾರಸುದಾರರನ್ನು ಹುಡುಕುವುದು ಬಿಟ್ಟು ಮಾರೆಪ್ಪ ಹೋರಿಯ ಸಿಟ್ಟನ್ನು ಹುಡುಕತೊಡಗಿದ. ಅದರ ಕಿವಿಯ ಹತ್ತಿರ ಹಲಗೆ ಬಾರಿಸಿದ. ಪಟಾಕಿ ಸುಟ್ಟ. ಲಾಕಪ್ಪಿನ ಕಳ್ಳ ಗಾಬರಿಬಿದ್ದು ಯಾರೂ ಕೇಳದ ಕಳವುಗಳನ್ನೂ ಒಪ್ಪಿಕೊಂಡ. ಹೋರಿ ಮೆಲುಕು ಹಾಕುತ್ತ ನಿಂತಿತ್ತು. ಹೊಡೆಯಲೆಂದು ಕೈ ಎತ್ತಿದರೆ ಆ ಕೈಯನ್ನೇ ನೆಕ್ಕಿತು. ಮಾರೆಪ್ಪನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಅಷ್ಟರಲ್ಲಿ ಉಡಚವ್ವನ ಫೋನ್. "ನಮ್ಮ ಸಿಡಿಲು ಹೆಂಗೈತ್ರಿ? ಯಾರಿಗೂ ಹಾಯ್ದಿಲ್ಲಲ್ರಿ?"

"ಹತ್ರ ಹೋಗಾಕ ಆಗವಲ್ದು ಬೇ," ಎಂದು ಸುಳ್ಳು ಹೇಳಿದ. ಅವಳು ಹೆಮ್ಮೆಯಿಂದ ನಕ್ಕಳು. ಅವನು ಫೋನ್ ಇಟ್ಟು ಮತ್ತೆ ಹಲಗೆ ಎತ್ತಿಕೊಂಡ.

ನ್ಯಾಯಾಲಯದ ಅಂಗಳದಲ್ಲಿ ಕರಿಬಸಪ್ಪ ಮೊದಲು ಬಂದ. ಅಂಜುತ್ತಲೇ ಹೋರಿಯ ಕೊರಳಡಿ ಜೋಲುವ ಗಂಗೆದೊಗಲಿಗೆ ಕೈಹಾಕಿದ. ಸಿಡಿಲು ಸುಖವಾಗಿ ಕಣ್ಣು ಮುಚ್ಚಿತು. ಜನ ನಕ್ಕರು.

ಉಡಚವ್ವ ಮುಂದೆ ಬಂದಳು. ಹೋರಿಯ ಹಣೆಯ ಸುಳಿ ಕಂಡು ಅವಳ ತುಟಿ ನಡುಗಿದ್ದನ್ನು ಮಾರೆಪ್ಪ ನೋಡಿದ. ಆದರೆ ಅವಳು ಮುಟ್ಟಲಿಲ್ಲ.

"ಇದು ನಮ್ದಲ್ರಿ," ಎಂದಳು. "ನಮ್ಮ ಸಿಡಿಲು ಆಗಿದ್ರ ಅವನ ಕೈ ಮುರೀತಿತ್ತು."

ಸೆರಗು ಸರಿಮಾಡಿಕೊಂಡು, ತಿರುಗಿಯೂ ನೋಡದೆ ಬಸ್ಸಿನ ಕಡೆ ನಡೆದಳು. ಇದು ನಿನ್ನದೇ, ಕೆಡಿಸಿದವನು ನಾನು ಎಂದು ಕೂಗಿ ಹೇಳಲು ಮಾರೆಪ್ಪ ಎರಡು ಹೆಜ್ಜೆ ಮುಂದಿಟ್ಟು ಅಲ್ಲಿಯೇ ನಿಂತ. ನಾಚಿಕೆಯಿಂದ ತಲೆ ತಗ್ಗಿಸಿದ. ಹಿಂದಿನಿಂದ ಯಾರೋ ಮೆಲ್ಲಗೆ ನೂಕಿದಂತಾಯಿತು. ಸಿಡಿಲು ಅವನ ಜೇಬಿಗೆ ಮೂತಿ ಇಟ್ಟು ಬೆಲ್ಲ ಹುಡುಕುತ್ತಿತ್ತು.