ಗಾಡಿ ಪೂರ್ತಿ ಬಂದಿಲ್ಲ

ಮಣ್ಣು ಪರೀಕ್ಷೆಯ ಡ್ರಿಲ್ಲಿನ ಘರ್ರ್ ಸದ್ದು ಈಗಲೂ ನನ್ನ ಹಲ್ಲಿನ ಬೇರುಗಳಲ್ಲಿದೆ. ಬೆಂಗಳೂರಿನಲ್ಲಿ ಮೆಟ್ರೋ ಕೆಲಸ ಶುರುವಾದ ಕಾಲ. ಕಂಟೋನ್ಮೆಂಟ್ ಸ್ಟೇಷನ್ನಿಗೂ ಮೆಟ್ರೋಗೂ ನಡುವೆ ನೆಲದಡಿ ಒಂದು ಪುಟ್ಟ ಲೈನ್ ಹಾಕುತ್ತಾರಂತೆ ಎಂದು ಸುದ್ದಿ. ಸ್ಟೇಷನ್ ಹಿಂದಿನ ನಮ್ಮ ಓಣಿಯಲ್ಲಿ ಡ್ರಿಲ್ ಕೊರೆಯುವಾಗ ಶೆಲ್ಫಿನ ಬೋನ್ ಚೈನಾ ಕಪ್ಪುಗಳು ಸಾಸರಿನ ಮೇಲೆ ನಡುಗುತ್ತಿದ್ದವು. ಓಣಿಯೆಲ್ಲ ಶಾಪ ಹಾಕಿತು. ಖುಷಿಪಟ್ಟವರು ಪಕ್ಕದ ಮನೆಯ ರಿಟೈರ್ಡ್ ಗಾರ್ಡ್ ಸಾಹೇಬರು ಮಾತ್ರ.

ರೈಲಿನ ಬಾಲದಲ್ಲೇ ಸರ್ವಿಸ್ ಮುಗಿಸಿದವರು. ಕೊನೆಯ ಡಬ್ಬಿಯ ಹಿಂದೆ 'ಎಲ್‌ವಿ' ಎಂಬ ಬೋರ್ಡ್ ಇರುತ್ತದೆ, ಲಾಸ್ಟ್ ವೆಹಿಕಲ್. ಅದು ಕಂಡರೆ ಗಾಡಿ ಪೂರ್ತಿ ಬಂತು, ದಾರಿಯಲ್ಲಿ ಯಾವ ಡಬ್ಬಿಯೂ ಕಳಚಿಲ್ಲ ಎಂದರ್ಥ. ಅಂಥದೊಂದು ಹಳೇ ಬೋರ್ಡನ್ನು ಅವರು ದಿನಾ ಸಂಜೆ, ಹೆಂಡತಿ ಮಾರ್ಕೆಟ್ಟಿನಿಂದ ಮನೆ ಸೇರಿದ ಮೇಲೆ, ಗೇಟಿಗೆ ತೂಗುಹಾಕುತ್ತಿದ್ದರು.

"ಇಷ್ಟು ಲೇಟಾ? ನಾಳೆಯಿಂದ ಸಿಗ್ನಲ್ ಕೊಡಲ್ಲ ಕಣೇ."

"ಕೊಡ್ಬೇಡಿ. ಸಾರು ನೀವೇ ಮಾಡ್ಕೊಳ್ಳಿ."

ತೊಂಬತ್ತರ ದಶಕದ ನನ್ನ ಸಂಜೆಗಳಲ್ಲಿ ಈ ಜಗಳವೇ ತುಂಬಿದೆ.

ಒಮ್ಮೆ ಇಬ್ಬರೂ ಕೆ.ಆರ್. ಪುರದಿಂದ ಪ್ಯಾಸೆಂಜರ್ ಗಾಡಿಯಲ್ಲಿ ಕಂಟೋನ್ಮೆಂಟಿಗೆ ಬಂದಿಳಿದರು. ಕಮರ್ಷಿಯಲ್ ಸ್ಟ್ರೀಟ್ ಕಡೆಯ ಬಸ್ಸಿಗೆ ರಸ್ತೆ ದಾಟಬೇಕು. ಬಸ್ ಹೊರಡುತ್ತಿತ್ತು. ಎಲ್ಲಿ ಹೋದರೂ ಎಲ್ಲರಿಗಿಂತ ಹಿಂದೆ ನಡೆಯುವ ಮನುಷ್ಯ, ಅದನ್ನು ನಿಲ್ಲಿಸಲು ಅಂದು ಮುಂದೆ ಓಡಿದರು. ತಿರುಗಿ ನೋಡಿದಾಗ ಲಾರಿಯೊಂದು ನಿಂತಿತ್ತು, ಜನ ಸೇರಿದ್ದರು. ಆಕೆ ಅಲ್ಲೇ ಹೋಗಿಬಿಟ್ಟಿದ್ದರು.

ಆಮೇಲೆ ಬೋರ್ಡ್ ಗೇಟಿಗೆ ಬರಲಿಲ್ಲ. ಕೇಳಿದರೆ, "ಗಾಡಿ ಪೂರ್ತಿ ಬಂದಿಲ್ಲ, ಟೀಚರಮ್ಮ" ಅನ್ನುವರು. ಹಾಲಿನ ಬೂತಿಗೆ ನನ್ನ ಜೊತೆ ಬರುವಾಗಲೂ ಹಿಂದೆಯೇ ಉಳಿದು, ಮತ್ತೆ ಮತ್ತೆ ತಿರುಗಿ ನೋಡುವರು. ಆನೆಸ್ಟ್ಲಿ, ಬರಬರುತ್ತ ನಾನೂ ತಿರುಗಿ ನೋಡತೊಡಗಿದ್ದೆ.

ಹೀಗಿರುವಾಗಲೇ ಓಣಿಗೆ ಡ್ರಿಲ್ ಬಂದದ್ದು. ಸಾಹೇಬರು ಡ್ರಿಲ್ಲಿನವರಿಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತಿದ್ದರು. "ಬೇಗ ತೋಡ್ರಪ್ಪ. ರೈಲಿಂದ ಇಳಿದೋರು ನೆಲದೊಳಗೇ ಹೋಗ್ಬಿಡ್ಲಿ. ಯಾರೂ ರೋಡ್ ದಾಟ್ಬಾರ್ದು."

"ತಾತ, ಇದು ಬರೀ ಟೆಸ್ಟಿಂಗು. ಲೈನ್ ಬರೋ ಹೊತ್ಗೆ ನಂಗೇ ಮೊಮ್ಮಕ್ಳಾಗಿರ್ತವೆ!"

ಒಂದು ಮಧ್ಯಾಹ್ನ ಡ್ರಿಲ್ಲಿನವರು ಗುಂಡಿಗೆ ಸಿಮೆಂಟ್ ಸುರಿದು, ಮೆಷಿನ್ ಏರಿಸಿಕೊಂಡು ಹೊರಟೇಹೋದರು. ಆ ಲೈನ್ ಮತ್ತೆ ಸುದ್ದಿಯಲ್ಲೂ ಬರಲಿಲ್ಲ.

ಅದೇ ಸಂಜೆ ಹಾಲು ತರುವಾಗ ನೋಡಿದೆ. ಗಾರ್ಡ್ ಸಾಹೇಬರು ಮಂಡಿಯೂರಿ ಆ ಸಿಮೆಂಟಿಗೆ ಕಿವಿ ಹಚ್ಚಿದ್ದರು. "ಬರ್ತಾ ಇದೆ" ಎಂದು ಎದ್ದು, ನನಗಿಂತ ಮುಂದೆ ನಡೆದರು. ಒಮ್ಮೆಯೂ ತಿರುಗಲಿಲ್ಲ. ಗೇಟನ್ನು ಅಗಲ ತೆರೆದು, ಯಾರಿಗೋ ದಾರಿ ಬಿಡುವಂತೆ ಪಕ್ಕಕ್ಕೆ ಸರಿದು ನಿಂತರು. ಗೇಟು ಮುಚ್ಚಿದರು. ಒಳಗಿಂದ ಬೋರ್ಡ್ ತಂದು ತೂಗುಹಾಕಿದರು.

"ಪೂರ್ತಿ ಬಂತು. ಗುಡ್ ನೈಟ್, ಟೀಚರಮ್ಮ."

ಬೆಳಿಗ್ಗೆ ಪೇಪರಿನವನು ಎಷ್ಟು ಕೂಗಿದರೂ ಅವರು ಏಳಲಿಲ್ಲ. ನನ್ನ ಪಾಲಿಗೆ ಅವರ ಕೊನೆಯ ದರ್ಶನ ಆ ಗೇಟಿನಲ್ಲೇ. ಆ ಸಂಜೆ, ಅವರು ಗುಡ್ ನೈಟ್ ಹೇಳಿದ ಮೇಲೆ, ನಾನು ಮನೆಯೊಳಗೆ ಬಂದು ಹಾಲಿಟ್ಟೆ. ಡ್ರಿಲ್ ಹೋಗಿ ಎಷ್ಟೋ ಹೊತ್ತಾಗಿತ್ತು. ಶೆಲ್ಫಿನಲ್ಲಿ ಕಪ್ಪುಗಳು ಸಣ್ಣಗೆ ನಡುಗುತ್ತಿದ್ದವು.